ನಡು ಅಕ್ಕ

ಕಳೆದ ವರ್ಷದ ಆಟಿ ತಿಂಗಳಲ್ಲಿ ಹದಿನೈದು ದಿನ ನಾನು ಕಾಣಿಯೂರಿನಲ್ಲಿದ್ದೆ. ಶಾಂತಿಮೊಗರು ಸೇತುವೆಯ ಕೆಳಗೆ ಕುಮಾರಧಾರೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಅಡಿಕೆಗೆ ಎರಡನೇ ಮದ್ದು ಬಿಡಲು ಒಂದು ಹೊತ್ತಿನ ಬಿಸಿಲೂ ಸಿಗದೆ ಊರವರೆಲ್ಲ ಆಕಾಶ ನೋಡಿ ಬಯ್ಯುತ್ತಿದ್ದರು. ಬೆಳಿಗ್ಗೆ ಹೋದ ಕರೆಂಟು ಸಂಜೆ ಬಂದರೆ ಬಂತು. ಇಂಥ ದಿನಗಳಲ್ಲಿ ಬೆಂಗಳೂರಿನಿಂದ ರಜೆ ಹಾಕಿ ಊರಿಗೆ ಬರುವವರು ಕಡಿಮೆ. ನಾನು ಬಂದದ್ದು ದೊಡ್ಡ ಮಾವನ ಅಪ್ಪಣೆಯಾಗಿತ್ತು ಎಂದು.

ದೊಡ್ಡ ಮಾವ ಎಂದರೆ ನನ್ನ ಅಜ್ಜಿಯ ತಮ್ಮ, ಅಮ್ಮನ ಸೋದರಮಾವ. ಲೆಕ್ಕದಲ್ಲಿ ನನಗೆ ಅಜ್ಜನಾಗಬೇಕು. ಆದರೆ ಮನೆಯ ಸಣ್ಣವರು ದೊಡ್ಡವರೆಲ್ಲ ಅವರನ್ನು ಕರೆಯುವುದು ದೊಡ್ಡ ಮಾವ ಎಂದೇ. ಊರಿನ ಹತ್ತಿರದ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ಪೋಸ್ಟ್ ಮಾಸ್ಟರ್ ಆಗಿದ್ದವರು. ಈಗ ಎಂಬತ್ತು ದಾಟಿದೆ. ನಮ್ಮ ಕುಟುಂಬದ ಯಜಮಾನರು. ತರವಾಡು ಮನೆಯ ದೈವಗಳ ಪುನಃಪ್ರತಿಷ್ಠೆ ಮಾಯಿ ತಿಂಗಳಲ್ಲಿ ಎಂದು ನಿಶ್ಚಯವಾಗಿತ್ತು. ಆ ಹೊತ್ತಿಗೆ ಸಣ್ಣದೊಂದು ಪುಸ್ತಕ ಅಚ್ಚು ಹಾಕಿಸಬೇಕು, ಅದರಲ್ಲಿ ಕುಟುಂಬದ ವಂಶವೃಕ್ಷ ಇರಬೇಕು ಎಂಬುದು ಅವರ ಆಸೆ. ‘ನೀನು ಕಂಪ್ಯೂಟರಿನವನಲ್ಲವಾ, ಅದೊಂದು ಕೆಲಸ ಮಾಡಿ ಕೊಡು. ಬೇರೆ ಎಂತದಕ್ಕೂ ನಿನ್ನನ್ನು ಕರೆಯುವುದಿಲ್ಲ’ ಎಂದರು ಫೋನಿನಲ್ಲಿ.

ನನಗೂ ಇದು ದೊಡ್ಡ ಕೆಲಸ ಎಂದು ಕಾಣಲಿಲ್ಲ. ಇಷ್ಟು ವರ್ಷ ನಾನು ಸಂಬಳ ತಿಂದದ್ದೇ ಇಂಥದ್ದರಿಂದ.

ಏನದು ಎಂದು ಸ್ವಲ್ಪ ಹೇಳಬೇಕು. ಕಂಪ್ಯೂಟರಿನೊಳಗೆ ಒಬ್ಬ ವ್ಯಕ್ತಿಯ ವಿವರವನ್ನು ಆಬ್ಜೆಕ್ಟ್ ಎಂಬ ರೂಪದಲ್ಲಿ ಇಡುತ್ತೇವೆ. ಅದರಲ್ಲಿ ಹೆಸರು, ಹುಟ್ಟಿದ ದಿನ, ತಾಯಿ, ಮಕ್ಕಳು ಎಂದೆಲ್ಲ ಕೋಣೆಗಳು. ತಾಯಿಯ ಕೋಣೆಯಲ್ಲಿರುವುದು ತಾಯಿಯ ಹೆಸರಲ್ಲ. ತಾಯಿ ಎಂಬ ಇನ್ನೊಂದು ಆಬ್ಜೆಕ್ಟ್ ಎಲ್ಲಿದೆ ಎಂದು ತೋರಿಸುವ ಒಂದು ಗುರುತು. ಆ ಗುರುತಿಗೆ ಅರ್ಥ ಇರುವುದು ಆ ಒಂದು ಯಂತ್ರದ ಒಳಗೆ, ಅದು ಚಾಲೂ ಇರುವಷ್ಟು ಹೊತ್ತು ಮಾತ್ರ. ಆ ವಿವರ ಇನ್ನೊಂದು ಯಂತ್ರಕ್ಕೆ ಹೋಗಬೇಕಾದರೆ, ಅಥವಾ ನಾಳೆಗೆ ಉಳಿಯಬೇಕಾದರೆ, ಅದನ್ನೆಲ್ಲ ಬಿಡಿಸಿ ಅಕ್ಷರಗಳ ಒಂದು ಸಾಲು ಮಾಡಬೇಕು. ಇದಕ್ಕೆ ನಾವು ಸೀರಿಯಲೈಸ್ ಮಾಡುವುದು ಎನ್ನುತ್ತೇವೆ. ಬೆಂಗಳೂರಿನಿಂದ ನಾನು ಫೋನು ಮಾಡಿದಾಗ ‘ಮತ್ತೆಂತ ವಿಶೇಷ?’ ಎಂದು ಅಜ್ಜಿ ಕೇಳುತ್ತಾರೆ. ಮನೆಯನ್ನೇ ಎತ್ತಿ ಫೋನಿನೊಳಗೆ ಹಾಕಲಿಕ್ಕಾಗುತ್ತದಾ? ಹೇಳುವುದನ್ನು ಹೇಳುತ್ತೇನೆ, ಬಿಡುವುದನ್ನು ಬಿಡುತ್ತೇನೆ. ಅದೂ ಒಂದು ಬಗೆಯ ಸೀರಿಯಲೈಸ್ ಮಾಡುವುದೇ.

ಹಾಗೆ ಸಾಲು ಮಾಡಲು ಈಗ ಎಲ್ಲರೂ ಬಳಸುವ ಕ್ರಮಕ್ಕೆ ಜೇಸನ್ ಎಂದು ಹೆಸರು. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ 2001ರ ಸುಮಾರಿಗೆ ಅದನ್ನು ಬಳಕೆಗೆ ತಂದವರು. ತಾನು ಅದನ್ನು ಸೃಷ್ಟಿಸಿದ್ದಲ್ಲ, ಜಾವಾಸ್ಕ್ರಿಪ್ಟ್ ಭಾಷೆಯೊಳಗೆ ಅದು ಮೊದಲೇ ಇತ್ತು, ತನ್ನ ಕಣ್ಣಿಗೆ ಬಿತ್ತು ಅಷ್ಟೆ ಎನ್ನುತ್ತಾರೆ ಅವರು. ನಿಯಮಗಳು ಒಂದು ಪುಟ ದಾಟುವುದಿಲ್ಲ. ಒಬ್ಬರ ವಿವರವಾದರೆ ಪುಷ್ಪಾವರಣದ ಒಳಗೆ, ಪಟ್ಟಿಯಾದರೆ ಚೌಕಾವರಣದ ಒಳಗೆ. ಅದರೊಳಗೆ ಅಕ್ಷರ, ಅಂಕಿ, ಹೌದು, ಅಲ್ಲ, ಮತ್ತು ಏನೂ ಇಲ್ಲ ಎನ್ನಲು ನಲ್ ಎಂಬ ಒಂದು ಪದ. ಇಷ್ಟೇ. ನಮ್ಮ ಎಷ್ಟೋ ವಿವರಗಳು ಈ ಉಡುಪಿನಲ್ಲೇ ಓಡಾಡುವುದು.

‘ಯಾರದು ಜೇಸನ್?’ ಎಂದರು ಅಜ್ಜಿ. ‘ನಿನ್ನ ಒಟ್ಟಿಗೆ ಕೆಲಸ ಮಾಡುವ ಹುಡುಗನಾ?’

‘ಹೌದು ಅಜ್ಜಿ’ ಎಂದೆ. ಸುಳ್ಳೇನಲ್ಲವಲ್ಲ.

ಅಜ್ಜಿ ಮತ್ತು ನಾನು ಜಗಲಿಯಲ್ಲಿ ಕೂತೆವು. ಅವರು ಹೇಳುತ್ತ ಹೋದರು, ನಾನು ತುಂಬಿಸುತ್ತ ಹೋದೆ. ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುವಾಗ ಅರ್ಧ ರುಚಿ ಹೋಗಿದೆ. ಎಂಬತ್ತೇಳರ ಅಜ್ಜಿ ಓದಿದ್ದು ಮೂರನೇ ಕ್ಲಾಸು. ಆದರೆ ಐದು ತಲೆಮಾರಿನ ನೂರ ಎಪ್ಪತ್ತು ಚಿಲ್ಲರೆ ಜನರನ್ನು ಯಾವ ಕಾಗದವೂ ಇಲ್ಲದೆ ಮೂರು ದಿನದಲ್ಲಿ ಹೇಳಿ ಮುಗಿಸಿದರು. ಪ್ರತಿಯೊಬ್ಬರಿಗೂ ಒಂದು ಒಗ್ಗರಣೆ ಉಂಟು. ಇವನು ಕೋರ್ಟಿಗೆ ಅಲೆದು ಅಲೆದು ಗದ್ದೆ ಕಳೆದವ. ಇವಳ ಕೈಯ ಉಪ್ಪಿನಕಾಯಿ ಮೂರು ವರ್ಷಕ್ಕೂ ಹಾಳಾಗುತ್ತಿರಲಿಲ್ಲ. ಇದನ್ನು ಹಾಕಲು ನನ್ನಲ್ಲಿ ಜಾಗ ಇರಲಿಲ್ಲ. ಜೇಸನ್ನಿನಲ್ಲಿ ಟಿಪ್ಪಣಿ ಬರೆಯಲು ಅವಕಾಶವೇ ಇಲ್ಲ. ಮೊದಮೊದಲು ಇತ್ತಂತೆ, ಕೆಲವರು ಟಿಪ್ಪಣಿಯೊಳಗೆ ಯಂತ್ರಕ್ಕೆ ಕೊಡುವ ಸೂಚನೆಗಳನ್ನು ತುರುಕಲು ಹತ್ತಿದರು ಎಂದು ಕ್ರಾಕ್‌ಫರ್ಡ್ ಅದನ್ನು ಕಿತ್ತು ಹಾಕಿದರು. ಅವರ ಕಾರಣ ಅವರಿಗೆ. ನಾನಂತೂ ಆ ಉಪ್ಪಿನಕಾಯಿಯನ್ನು ಬೇರೆ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಒಂದು ಕಡೆ ಮಾತ್ರ ಅಜ್ಜಿ ಹಟ ಹಿಡಿದರು. ಅವರ ಅಮ್ಮನಿಗೆ ಎಂಟು ಹೆರಿಗೆ, ಅದರಲ್ಲಿ ಎರಡು ಮಕ್ಕಳು ಹೆಸರಿಡುವ ಮೊದಲೇ ಹೋದವು. ಅವನ್ನು ಬಿಟ್ಟು ಆರು ಎಂದು ಬರೆದೆ. ‘ಎಂಟು’ ಎಂದರು. ಹೆಸರಿಲ್ಲವಲ್ಲ ಅಜ್ಜಿ ಎಂದರೆ, ‘ಹೆಸರು ಇಲ್ಲದಿದ್ದರೆ ಹೆತ್ತದ್ದು ಸುಳ್ಳಾಗುತ್ತದಾ?’ ಎಂದರು. ಸರಿ, ಆ ಎರಡು ಜಾಗದಲ್ಲಿ ನಲ್ ಇಟ್ಟೆ. ಪುಟ ಬಿಡಿಸುವ ಪ್ರೋಗ್ರಾಮಿಗೂ ಹೇಳಿಕೊಟ್ಟೆ: ಮಕ್ಕಳ ಪಟ್ಟಿಯಲ್ಲಿ ನಲ್ ಸಿಕ್ಕರೆ ನಂಬರು ಹಾಕಿ ಖಾಲಿ ಚೌಕ ಬರೆ. ಈ ಸಣ್ಣ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಾಲ್ಕನೆಯ ದಿನ ಇನ್ವರ್ಟರಿನಲ್ಲಿ ಸ್ವಲ್ಪ ಚಾರ್ಜು ಉಳಿದಿದ್ದಾಗ ಮೊದಲ ಸಲ ಓಡಿಸಿದೆ. ಪರದೆಯ ಮೇಲೆ ಕೆಂಪು ಸಾಲು ಬಂತು: ಸುತ್ತು ಹೊಡೆಯುವ ರಚನೆ, ಜೇಸನ್ ಮಾಡಲಾಗುವುದಿಲ್ಲ. ಈ ದಾರಿಗೆ ಬಂದ ಯಾವ ಹುಡುಗನೂ ಹುಡುಗಿಯೂ ಈ ಸಾಲನ್ನು ನೋಡದೆ ಮುಂದೆ ಹೋದದ್ದಿಲ್ಲ. ಅಜ್ಜಿಯನ್ನು ಬರೆಯಬೇಕಾದರೆ ಅವರ ಮಕ್ಕಳನ್ನು ಬರೆಯಬೇಕು. ಮಕ್ಕಳಲ್ಲಿ ಅಮ್ಮ ಉಂಟು, ಅಮ್ಮನನ್ನು ಬರೆಯಬೇಕಾದರೆ ಅವರ ತಾಯಿಯನ್ನು ಬರೆಯಬೇಕು, ಅಂದರೆ ಮತ್ತೆ ಅಜ್ಜಿ. ಅಜ್ಜಿಯನ್ನು ಬರೆಯಬೇಕಾದರೆ... ಯಂತ್ರಕ್ಕೆ ಇದು ಮುಗಿಯದ ಕತೆ ಎಂದು ಗೊತ್ತಾಗಿ ಕೈಚೆಲ್ಲಿ ಕೂರುತ್ತದೆ.

ಇದಕ್ಕೆ ಮದ್ದು ಉಂಟು. ಜಾವಾಸ್ಕ್ರಿಪ್ಟಿನಲ್ಲಿ ಯಾವುದೇ ಆಬ್ಜೆಕ್ಟಿಗೆ ‘ಟು ಜೇಸನ್’ ಎಂಬ ಹೆಸರಿನ ಒಂದು ಕ್ರಿಯೆ ಬರೆದುಕೊಟ್ಟರೆ, ಸಾಲು ಮಾಡುವ ಹೊತ್ತಿಗೆ ಯಂತ್ರ ತನ್ನಷ್ಟಕ್ಕೆ ಎಲ್ಲವನ್ನೂ ಬಗೆದು ಬರೆಯುವುದಿಲ್ಲ. ಮೊದಲು ಆ ಆಬ್ಜೆಕ್ಟನ್ನೇ ಕೇಳುತ್ತದೆ, ನಿನ್ನ ಬಗ್ಗೆ ಹೊರಗೆ ಏನು ಹೇಳಲಿ ಎಂದು. ಅದು ಕೊಟ್ಟಷ್ಟನ್ನೇ ಬರೆಯುತ್ತದೆ. ಪೈಥಾನಿನಲ್ಲಿ, ಜಾವಾದಲ್ಲಿ ಇದಕ್ಕೆ ಬೇರೆ ಬೇರೆ ದಾರಿ. ಕೇಳುವ ಪ್ರಶ್ನೆ ಮಾತ್ರ ಇದೇ. ಹಾಗಾಗಿ ಸುತ್ತನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು. ತಾಯಿ ಮಕ್ಕಳನ್ನು ಪೂರ್ತಿ ಹೇಳಲಿ, ಮಕ್ಕಳು ತಾಯಿಯ ನಂಬರು ಮಾತ್ರ ಹೇಳಲಿ. ಆಗ ಕತೆ ಮೇಲಿನಿಂದ ಕೆಳಗೆ ಇಳಿದು ಮುಗಿಯುತ್ತದೆ.

ಆದರೆ ಯಾರು ಪೂರ್ತಿ ಹೇಳಬೇಕು, ತಾಯಿಯಾ ತಂದೆಯಾ? ನಾನು ಅಂತರ್ಜಾಲದಿಂದ ಇಳಿಸಿಕೊಂಡ ವಂಶವೃಕ್ಷದ ಮಾದರಿಯಲ್ಲಿ ಎಲ್ಲ ತಂದೆಯಿಂದಲೇ ಇಳಿಯುತ್ತಿತ್ತು. ನಮ್ಮದು ಅಳಿಯಕಟ್ಟಿನ ಮನೆ. ಬರಿ ಬರುವುದು ತಾಯಿಯಿಂದ. ದೊಡ್ಡ ಮಾವ ಪೆಟ್ಟಿಗೆಯಿಂದ ಹಳೆಯ ಪಾಲುಪಟ್ಟಿಯ ಜೊತೆ ಇನ್ನೊಂದು ಹಳದಿಯಾದ ಪುಸ್ತಕ ತೆಗೆದುಕೊಟ್ಟರು: 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಆಗ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಅದರಲ್ಲಿ ಕವರು ಎಂಬ ಪದಕ್ಕೆ ಕೊಟ್ಟ ವಿವರಣೆ ಓದಿ ನಾನು ದಂಗಾದೆ. ಒಬ್ಬ ಹೆಂಗಸಿನ ಕವರು ಎಂದರೆ ಅವಳು, ಅವಳ ಮಕ್ಕಳು, ಹೆಣ್ಣಿನ ದಾರಿಯಲ್ಲಿ ಇಳಿದ ಅವಳ ಸಂತಾನವೆಲ್ಲ. ಗಂಡಸಿನ ಕವರು ಎಂದರೆ ಅವನ ತಾಯಿಯ ಕವರು. ಮುಗಿಯಿತು. ಹೆಣ್ಣಾದರೆ ಕೆಳಗೆ ಇಳಿ, ಗಂಡಾದರೆ ತಾಯಿಯನ್ನು ತೋರಿಸಿ ನಿಲ್ಲು. ನಾನು ಮೂರು ದಿನ ಒದ್ದಾಡಿದ್ದನ್ನು ಅದನ್ನು ಬರೆದ ವಕೀಲರು ಎರಡು ಸಾಲಿನಲ್ಲಿ ಬರೆದಿಟ್ಟಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿ ಇಳಿಯುವ ದಾರಿ ಬದಲಾಯಿತು, ಸರಿ. ದೈವ, ಬರಿ, ಯಜಮಾನಿಕೆ ಮಾತ್ರ ಇವತ್ತಿಗೂ ಹಳೆಯ ದಾರಿಯಲ್ಲೇ.

ಆ ಎರಡು ಸಾಲನ್ನೇ ಕೋಡ್ ಮಾಡಿದೆ. ಒಂಬತ್ತು ವರ್ಷದ ನನ್ನ ಮಗಳು ಪರದೆ ನೋಡಿ ‘ನಾನೆಲ್ಲಿ ಅಪ್ಪ?’ ಎಂದಳು. ಅವಳು ಇರಲಿಲ್ಲ. ನಾನು ಗಂಡಸು, ನನ್ನಲ್ಲಿಗೆ ಗೆರೆ ನಿಲ್ಲುತ್ತದೆ. ಅವಳು ಅವಳ ಅಮ್ಮನ ಕುಟುಂಬದವಳು. ಆದರೆ ನನ್ನ ಹೆಂಡತಿಯ ಊರು ತುಮಕೂರಿನ ಕಡೆ. ಅಲ್ಲಿ ತಂದೆಯ ದಾರಿ. ಅವರ ಲೆಕ್ಕದಲ್ಲಿ ಮಗಳು ನನ್ನ ಮನೆಯವಳು. ಎರಡು ಸರಿಯಾದ ನಿಯಮಗಳ ನಡುವೆ ಹುಡುಗಿ ಎರಡು ಕಡೆಯೂ ಇಲ್ಲದವಳಾದಳು. ಗಂಡಸರ ಮಕ್ಕಳ ಹೆಸರನ್ನು ಅವರ ಚೌಕದ ಒಳಗೇ ಸಣ್ಣ ಅಕ್ಷರದಲ್ಲಿ ಬರೆಯುವಂತೆ ತಿದ್ದಿದೆ. ದೊಡ್ಡ ಮಾವ ಕನ್ನಡಕ ಏರಿಸಿ ನೋಡಿ, ‘ಇರಲಿ’ ಎಂದರು. ಮಗಳಿಗೆ ಅಕ್ಷರ ಸಣ್ಣದಾಯಿತು ಎಂದು ಸಿಟ್ಟು.

ಹುಟ್ಟಿದ ದಿನಗಳ ತಮಾಷೆಯನ್ನೂ ಹೇಳಬೇಕು. ಅಜ್ಜಿ ಹೇಳುವುದು ‘ಪಾಲೆ ಕೆತ್ತೆಯ ಕಷಾಯ ಕುಡಿದ ಮಾರನೆಯ ದಿನ’ ಎಂಬ ಲೆಕ್ಕದಲ್ಲಿ. ಅದು ಆಟಿ ಅಮಾವಾಸ್ಯೆಯ ಮಾರನೆಯ ದಿನ, ನನ್ನ ಅಮ್ಮ ಹುಟ್ಟಿದ್ದು. ಶಾಲೆಯ ದಾಖಲೆ ನೋಡಿದರೆ ನಮ್ಮ ಕುಟುಂಬದ ಅರ್ಧದಷ್ಟು ಜನ ಜೂನ್ 1ಕ್ಕೆ ಹುಟ್ಟಿದವರು, ಹೆಡ್‌ಮಾಸ್ತರರ ಕೃಪೆ. ನಾನು ದಾಖಲೆಯ ದಿನವನ್ನೇ ಹಾಕಿದೆ. ಸಾಲು ಮಾಡಿ ನೋಡಿದರೆ ಎಲ್ಲರೂ ಮೇ 31ಕ್ಕೆ ಹೋಗಿ ಕೂತಿದ್ದರು. ಜೇಸನ್ನಿಗೆ ದಿನಾಂಕ ಎಂಬ ವಸ್ತುವೇ ಗೊತ್ತಿಲ್ಲ, ಹಾಗಾಗಿ ಜಾವಾಸ್ಕ್ರಿಪ್ಟ್ ಅದನ್ನು ಗ್ರೀನಿಚ್ಚಿನ ಗಂಟೆಗೆ ತಿರುಗಿಸಿ ಅಕ್ಷರದಲ್ಲಿ ಬರೆಯುತ್ತದೆ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ. ಕಾಣಿಯೂರಿನಲ್ಲಿ ಜೂನ್ 1 ಶುರುವಾಗುವ ನಡುರಾತ್ರಿ ಅಲ್ಲಿ ಇನ್ನೂ ಮೇ 31ರ ಸಂಜೆ 18:30. ನನಗಿದು ಗೊತ್ತಿದ್ದ ಗುಂಡಿಯೇ, ಆದರೂ ಬಿದ್ದೆ. ತಮಾಷೆ ಅದಲ್ಲ. ಎಲ್ಲರದ್ದೂ 18:30 ಇರುವಾಗ ದೊಡ್ಡ ಮಾವನದ್ದು ಮಾತ್ರ 17:30. ಅವರ ದಾಖಲೆ 1943ರ ಜೂನ್ 1. ತಲೆ ಕೆರೆದುಕೊಂಡು ಹುಡುಕಿದರೆ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಭಾರತದ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿದ್ದರು. ಅದು ಯಂತ್ರದ ಹೊಟ್ಟೆಯೊಳಗೆ ಇವತ್ತಿಗೂ ಉಂಟು.

ದೊಡ್ಡ ಮಾವನಿಗೆ ಹೇಳಿದೆ. ‘ಯುದ್ಧಕ್ಕೆ ಗಡಿಯಾರ ತಿರುಗಿಸಿದ್ದಾ? ಇದ್ದಿರಬಹುದು. ಆಗ ನಮ್ಮ ಮನೆಯಲ್ಲಿ ಗಡಿಯಾರವೇ ಇರಲಿಲ್ಲ’ ಎಂದರು.

ಇಷ್ಟಾಗಿ, ಮೊದಲ ಪ್ರತಿಯನ್ನು ಪುತ್ತೂರಿಗೆ ಹೋಗಿ ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಸಿ ತಂದು ದೊಡ್ಡ ಮಾವನ ಎದುರು ಹಾಸಿದೆ. ಅವರು ಪೆನ್ಸಿಲು ಹಿಡಿದು ಒಂದೊಂದೇ ಚೌಕ ನೋಡುತ್ತ ಬಂದರು. ಕಾಗುಣಿತ ತಿದ್ದಿದರು. ಅಜ್ಜಿಯ ಮಕ್ಕಳಲ್ಲಿಗೆ ಬಂದಾಗ ನಿಂತರು. ಮೊದಲ ಚೌಕಕ್ಕೆ ಅಡ್ಡ ಗೆರೆ ಎಳೆದರು. ‘ಇದು ಬೇಡ’ ಎಂದರು. ಅಷ್ಟೇ. ಪೆನ್ಸಿಲು ಮುಂದಕ್ಕೆ ಹೋಯಿತು.

ಅದು ನನ್ನ ದೊಡ್ಡಮ್ಮನ ಚೌಕ. ಅಜ್ಜಿ ಹೇಳುವಾಗ ‘ನನಗೆ ಹೆಣ್ಣು ಮೂರು, ಗಂಡು ಒಂದು’ ಎಂದು ಸಾಮಾನ್ಯ ಮಾತಿನಂತೆ ಹೇಳಿದ್ದರು, ಮೂವರ ಹೆಸರನ್ನೂ ಒಂದೇ ಉಸಿರಿನಲ್ಲಿ ಕೊಟ್ಟಿದ್ದರು. ಆ ಹೆಸರನ್ನು ಅಜ್ಜಿಯ ಬಾಯಿಂದ ಅದೇ ಮೊದಲು ಕೇಳಿದ್ದು ನಾನು. 1981ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ದೊಡ್ಡಮ್ಮ ಬೆಳಗಿನ ಪುತ್ತೂರು ಬಸ್ಸಿಗೆ ಹೋದವರು ಸಂಜೆ ಬರಲಿಲ್ಲ. ಬೇರೆ ಜಾತಿಯ ಹುಡುಗ, ಮುಂಬಯಿಯಲ್ಲಿ ಕೆಲಸ. ಮನೆಯಿಂದ ಯಾರೂ ಹುಡುಕಿಕೊಂಡು ಹೋಗಲಿಲ್ಲ. ಇಷ್ಟನ್ನು ಅಮ್ಮ ನನಗೆ ಹೇಳಿದ್ದೇ ನಾನು ಕೆಲಸಕ್ಕೆ ಸೇರಿದ ಮೇಲೆ. ಪರ್ಬದ ದಿನ ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುತ್ತಾರೆ, ಇಂಥವರಿಗೆ ಇಂಥದ್ದು ಇಷ್ಟ ಎಂದು ನೆನಪಿಟ್ಟು ಬಡಿಸುತ್ತಾರೆ. ಸತ್ತವರಿಗೆ ಎಲೆ ಉಂಟು. ಬದುಕಿ ಮುಂಬಯಿಯಲ್ಲಿ ಕೂತವರಿಗೆ ಯಾವ ಎಲೆ?

ನಾನು ವಾದ ಮಾಡಲಿಲ್ಲ. ಪುಸ್ತಕ ಅವರದ್ದು, ಕಾರ್ಯ ಅವರದ್ದು, ನಾನು ಎರಡು ದಿನ ಇದ್ದು ಹೋಗುವವ ಎಂದು ನನಗೆ ನಾನೇ ಹೇಳಿಕೊಂಡೆ. ಜಾಣ ನೌಕರನಂತೆ ಬುದ್ಧಿ ಓಡಿಸಿದೆ: ಕಡತದಲ್ಲಿ ದೊಡ್ಡಮ್ಮ ಇರಲಿ, ಹೊರಗೆ ಹೋಗುವಾಗ ಮಾತ್ರ ಬೇಡ. ನಮ್ಮ ಕೆಲಸದಲ್ಲಿ ಇದು ದಿನನಿತ್ಯದ್ದು. ಗಿರಾಕಿಯ ಗುಪ್ತಪದ ಒಳಗೆ ಇರುತ್ತದೆ, ಹೊರಗೆ ಕಳಿಸುವ ಸಾಲಿನಲ್ಲಿ ಇರುವುದಿಲ್ಲ. ದೊಡ್ಡಮ್ಮನ ಆಬ್ಜೆಕ್ಟಿಗೆ ‘ಅಡಗಿಸು’ ಎಂಬ ಒಂದು ಗುರುತು ಹಾಕಿದೆ. ‘ಟು ಜೇಸನ್’ ಕ್ರಿಯೆಗೆ ಒಂದು ಸಾಲು ಸೇರಿಸಿದೆ: ಆ ಗುರುತು ಇದ್ದರೆ ಏನನ್ನೂ ಕೊಡಬೇಡ. ಜಾವಾಸ್ಕ್ರಿಪ್ಟಿನಲ್ಲಿ ಹೀಗೆ ಏನೂ ಕೊಡದಿರುವುದಕ್ಕೆ ಅನ್‌ಡಿಫೈನ್ಡ್ ಎನ್ನುತ್ತಾರೆ. ಒಬ್ಬ ವ್ಯಕ್ತಿಯ ವಿವರದೊಳಗಿನ ಒಂದು ಕೋಣೆ ಅನ್‌ಡಿಫೈನ್ಡ್ ಆಗಿದ್ದರೆ, ಸಾಲು ಮಾಡುವಾಗ ಆ ಕೋಣೆ ಇತ್ತೆಂಬ ಸುಳಿವೂ ಉಳಿಯುವುದಿಲ್ಲ. ನನಗೆ ಬೇಕಾದದ್ದೂ ಅದೇ.

ರಾತ್ರಿ ಊಟವಾದ ಮೇಲೆ ಓಡಿಸಿದೆ. ಕೆಂಪು ಸಾಲು ಬರಲಿಲ್ಲ. ಪುಟ ಬಿಡಿಸಿತು. ಅಜ್ಜಿಯ ಕೆಳಗೆ ನಾಲ್ಕು ಚೌಕ. ಎರಡನೆಯದು ಅಮ್ಮ, ಮೂರನೆಯದು ಮಾವ, ನಾಲ್ಕನೆಯದು ಚಿಕ್ಕಮ್ಮ. ಒಂದನೆಯದು ಖಾಲಿ, ಮೂಲೆಯಲ್ಲಿ 1 ಎಂಬ ನಂಬರು ಮಾತ್ರ.

ಮೊದಲು ತಪ್ಪು ಎಲ್ಲೋ ಆಗಿದೆ ಎಂದುಕೊಂಡೆ. ಕಡತ ತೆರೆದು ನೋಡಿದೆ. ಮಕ್ಕಳ ಚೌಕಾವರಣದೊಳಗೆ ಮೊದಲು ನಲ್, ಆಮೇಲೆ ಉಳಿದ ಮೂವರು. ಆಗ ನೆನಪಾಯಿತು. ಇಷ್ಟು ವರ್ಷ ಈ ಕೆಲಸ ಮಾಡಿಯೂ ಮರೆತಿದ್ದೆ. ವಿವರದೊಳಗಿನ ಕೋಣೆಯಾದರೆ ಜಾವಾಸ್ಕ್ರಿಪ್ಟ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಪಟ್ಟಿಯಲ್ಲಿ ಹಾಗೆ ಮಾಡುವುದಿಲ್ಲ. ಪಟ್ಟಿಯಲ್ಲಿ ಯಾರು ಎಷ್ಟನೆಯವರು ಎಂಬುದು ಮುಖ್ಯ. ಒಬ್ಬರನ್ನು ಕಿತ್ತರೆ ಎರಡನೆಯವರು ಒಂದನೆಯವರಾಗುತ್ತಾರೆ, ಎಲ್ಲರ ನಂಬರೂ ಸುಳ್ಳಾಗುತ್ತದೆ. ಹಾಗಾಗಿ ಹೇಳಲು ಏನೂ ಇಲ್ಲದಿದ್ದರೂ ಆ ಜಾಗದಲ್ಲಿ ನಲ್ ಎಂದು ಬರೆದು ಜಾಗವನ್ನು ಕಾದಿಡುತ್ತದೆ. ನನ್ನ ಪುಟ ಬಿಡಿಸುವ ಪ್ರೋಗ್ರಾಮು ಹೇಳಿದಂತೆ ಕೇಳಿತ್ತು: ನಲ್ ಸಿಕ್ಕರೆ ಖಾಲಿ ಚೌಕ. ಹೆಸರಿಡುವ ಮೊದಲೇ ಹೋದ ಆ ಎರಡು ಕೂಸುಗಳ ಚೌಕವೂ ದೊಡ್ಡಮ್ಮನ ಚೌಕವೂ ನೋಡಲು ಒಂದೇ ತರ ಇದ್ದವು.

ಸರಿ ಮಾಡಲು ಒಂದೇ ಸಾಲು ಸಾಕಿತ್ತು. ಸಾಲು ಮಾಡುವ ಮೊದಲೇ ಪಟ್ಟಿಯನ್ನು ಸೋಸಿದರೆ ಆಯಿತು. ಕೈ ಕೀಲಿಮಣೆಯ ಮೇಲಿತ್ತು. ಒಳಗಿನಿಂದ ಚಿಕ್ಕಮ್ಮನ ದನಿ ಕೇಳಿಸಿತು. ಅವರು ಎರಡು ದಿನಕ್ಕೆಂದು ಬಂದಿದ್ದರು, ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದರು. ‘ನಡು ಅಕ್ಕ, ನೀನು ಬರುವಾಗ ಆ ಸ್ಟೀಲಿನ ಡಬ್ಬಿ ತಾ’ ಎಂದರು.

ನಾನು ಹುಟ್ಟಿದಂದಿನಿಂದ ಕೇಳಿದ ಮಾತು. ಚಿಕ್ಕಮ್ಮ ನನ್ನ ಅಮ್ಮನನ್ನು ಕರೆಯುವುದೇ ನಡು ಅಕ್ಕ ಎಂದು. ಮಾವನೂ ಹಾಗೆಯೇ. ಆರೇಳು ವರ್ಷದವನಿದ್ದಾಗ ಬೇಸಗೆ ರಜೆಯಲ್ಲಿ ಇದೇ ಜಗಲಿಯಲ್ಲಿ ನಾನು ಕೇಳಿದ್ದೆ: ನೀವು ಹೆಣ್ಣು ಇಬ್ಬರೇ ಅಲ್ಲವಾ, ಅಮ್ಮ ನಡುವಿನವಳು ಹೇಗೆ? ಯಾರೂ ಉತ್ತರ ಹೇಳಿರಲಿಲ್ಲ. ಹಲಸಿನ ಹಣ್ಣು ಬಿಡಿಸುತ್ತಿದ್ದ ಚಿಕ್ಕಮ್ಮ ಒಂದು ಸೊಳೆ ನನ್ನ ಬಾಯಿಗೆ ತುರುಕಿದ್ದು ನೆನಪುಂಟು. ನಲವತ್ತು ವರ್ಷಕ್ಕೂ ಮೇಲಾಯಿತು, ಹೆಸರನ್ನು ಯಾರೂ ಎತ್ತಿದ್ದಿಲ್ಲ. ನಂಬರನ್ನು ಮಾತ್ರ ಯಾರೂ ಬದಲಿಸಲೂ ಇಲ್ಲ.

ಆ ಸಾಲು ಬರೆಯದೆ ಲ್ಯಾಪ್‌ಟಾಪ್ ಮುಚ್ಚಿದೆ.

ಮರುದಿನ ಅಜ್ಜಿಯನ್ನು ಕೇಳಿದೆ, ದೊಡ್ಡಮ್ಮನಿಗೆ ಮಕ್ಕಳು ಉಂಟಾ ಎಂದು. ಅಜ್ಜಿ ಎದ್ದುಹೋಗಿ ಪೆಟ್ಟಿಗೆಯಿಂದ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟೊಂದನ್ನು ತಂದು ಕೊಟ್ಟರು. ನೀಲಿ ಇನ್‌ಲ್ಯಾಂಡ್ ಪತ್ರಗಳು. ವರ್ಷಕ್ಕೆ ಒಂದೋ ಎರಡೋ. ಎರಡು ಹೆಣ್ಣುಮಕ್ಕಳು. ದೊಡ್ಡವಳು ನನಗಿಂತ ಮೂರು ತಿಂಗಳಿಗೆ ದೊಡ್ಡವಳು, ಸಣ್ಣವಳಿಗೆ ಮೂವತ್ತಾರು. ಈಗ ಪತ್ರ ಇಲ್ಲ, ಚಿಕ್ಕಮ್ಮನ ಮೊಬೈಲಿಗೆ ಫೋಟೋ ಬರುತ್ತದಂತೆ.

‘ಇದನ್ನೆಲ್ಲ ನಿಮಗೆ ಯಾರು ತಂದು ಕೊಡುತ್ತಿದ್ದದ್ದು ಅಜ್ಜಿ?’

‘ಮತ್ತೆ ಯಾರು? ಪೋಸ್ಟಾಫೀಸು ಯಾರ ಕೈಯಲ್ಲಿತ್ತು?’

ಆಗ ನನಗೆ ಇನ್ನೊಂದು ಲೆಕ್ಕ ಹೊಳೆಯಿತು. ಆ ಹಳದಿ ಪುಸ್ತಕದಲ್ಲೇ ಇದ್ದದ್ದು. ಕವರಿನಲ್ಲಿ ಐವತ್ತು ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ. ಆಸ್ತಿಯ ಮಟ್ಟಿಗೆ ಅದಕ್ಕೆ ಈಗ ಬೆಲೆ ಇಲ್ಲದಿರಬಹುದು, ಆದರೆ ದೈವದ ಎದುರು ಮುಂದೆ ನಿಲ್ಲುವವರು ಯಾರು ಎಂಬುದಕ್ಕೆ ಉಂಟು. ಅಜ್ಜಿಯ ಅಕ್ಕನ ಕಡೆ ಹೆಣ್ಣುಮಕ್ಕಳು ಬೇಕಾದಷ್ಟು. ನಮ್ಮ ಅಜ್ಜಿಯ ಕವರಿನಲ್ಲಿ ಅಮ್ಮನಿಗೆ ನಾವು ಇಬ್ಬರು ಗಂಡು, ಚಿಕ್ಕಮ್ಮನಿಗೆ ಒಬ್ಬ ಮಗ, ಮಾವನ ಮಕ್ಕಳು ಅವರ ತಾಯಿಯ ಕಡೆಗೆ. ಪ್ರೋಗ್ರಾಮಿನಲ್ಲಿ ನಾಲ್ಕು ಸಾಲು ಬರೆದು ಎಣಿಸಿದೆ. ದೊಡ್ಡಮ್ಮನಿಗೆ ‘ಅಡಗಿಸು’ ಗುರುತು ಇದ್ದರೆ ಸೊನ್ನೆ. ಇಲ್ಲದಿದ್ದರೆ ಎರಡು.

ಸಂಜೆ ಮಳೆ ಸ್ವಲ್ಪ ಬಿಟ್ಟಿತ್ತು. ದೊಡ್ಡ ಮಾವ ಅಂಗಳದ ಬದಿಯಲ್ಲಿ ಕೊಳೆರೋಗಕ್ಕೆ ಬಿದ್ದ ಎಳೆಯ ಅಡಿಕೆಗಳನ್ನು ಕೋಲಿನಿಂದ ಸರಿಸುತ್ತಿದ್ದರು. ಹಾಳೆ ತೋರಿಸಿದೆ. ಪೆನ್ಸಿಲಿನ ಗೆರೆ ಹಾಕಿದ ಜಾಗದಲ್ಲಿ ಖಾಲಿ ಚೌಕ ನೋಡಿ ‘ಇದೆಂತ?’ ಎಂದರು. ನಾನು ಯಂತ್ರದ ಕತೆ ಹೇಳಿದೆ: ಹೆಸರು ತೆಗೆಯಬಹುದು, ಜಾಗ ತಾನಾಗಿ ಹೋಗುವುದಿಲ್ಲ, ಬೇಕಾದರೆ ಕೈಯಾರೆ ತೆಗೆಯಬೇಕು ಎಂದು. ಆಮೇಲೆ ಧೈರ್ಯ ಮಾಡಿ ಆ ಲೆಕ್ಕವನ್ನೂ ಹೇಳಿದೆ. ‘ದೊಡ್ಡ ಮಾವ, ದೊಡ್ಡಮ್ಮನನ್ನು ಬಿಟ್ಟರೆ ಅಜ್ಜಿಯ ಕವರು ನಮ್ಮಲ್ಲಿಗೆ ಮುಗಿಯಿತು. ನೀವೇ ಕೊಟ್ಟ ಪುಸ್ತಕದ ಪ್ರಕಾರ.’

ಅವರು ಕೋಲು ನಿಲ್ಲಿಸಲಿಲ್ಲ. ‘ಆ ಲೆಕ್ಕ ನೀನು ನನಗೆ ಹೇಳಿಕೊಡಬೇಕಾ ಮಾರಾಯ?’ ಎಂದರು. ‘ಸಣ್ಣದು ಹುಟ್ಟಿದ ಪತ್ರ ಬಂದ ದಿನವೇ ನಾನು ಮಾಡಿ ಮುಗಿಸಿದ್ದೇನೆ.’

ಅಂದರೆ 1988ರಲ್ಲಿ. ಪತ್ರದ ಮೇಲೆ ಠಸ್ಸೆ ಹೊಡೆದು, ಮೊಹರು ಒಣಗುವ ಮೊದಲೇ ಓದಿರಬೇಕು. ಇನ್‌ಲ್ಯಾಂಡನ್ನು ಓದದೆ ಇರುವುದು ಕಷ್ಟ. ಅಥವಾ ಅಕ್ಕನೇ ಓದಿ ಹೇಳಿದ್ದಿರಬಹುದು. ನಾನು ಕೇಳಲಿಲ್ಲ.

ತುಂಬ ಹೊತ್ತಿನ ಮೇಲೆ ಹಾಳೆಯನ್ನು ಮತ್ತೆ ತೆಗೆದುಕೊಂಡರು. ಕಣ್ಣಿನ ಹತ್ತಿರ ಹಿಡಿದು ನೋಡಿದರು. ‘ಚೌಕ ಇರಲಿ’ ಎಂದರು. ‘ಹೆಸರು ನನ್ನ ಕಾಲದಲ್ಲಿ ಬೇಡ.’

ನನಗೆ ಸಮಾಧಾನವೂ ಆಗಲಿಲ್ಲ, ಜಗಳ ಆಡುವ ಧೈರ್ಯವೂ ಬರಲಿಲ್ಲ. ಸತ್ಯ ಹೇಳಬೇಕೆಂದರೆ, ‘ಅಡಗಿಸು’ ಎಂಬ ಆ ಗುರುತನ್ನು ಹಾಕಿದ್ದು ನಾನು, ಅವರಲ್ಲ. ಅವರು ಪೆನ್ಸಿಲಿನಲ್ಲಿ ಗೆರೆ ಎಳೆದದ್ದು, ಅದನ್ನು ಅಳಿಸಬಹುದಿತ್ತು. ಒಂದು ಮಾತ್ರ ಮಾಡಿದೆ. ಹೆಸರಿಡುವ ಮೊದಲೇ ಹೋದ ಕೂಸುಗಳ ಚೌಕಕ್ಕೆ ಚುಕ್ಕಿ ಗೆರೆ ಹಾಕಿದೆ. ದೊಡ್ಡಮ್ಮನ ಚೌಕಕ್ಕೆ ಉಳಿದ ಎಲ್ಲರಂತೆ ಗಟ್ಟಿ ಗೆರೆ. ಇದಕ್ಕಾಗಿ ‘ಟು ಜೇಸನ್’ ಕ್ರಿಯೆ ಏನೂ ಕೊಡದಿರುವುದನ್ನು ಬಿಟ್ಟು ಎರಡು ವಿಷಯ ಮಾತ್ರ ಕೊಡುವಂತೆ ತಿದ್ದಬೇಕಾಯಿತು: ಹೆಸರು ನಲ್, ಇದ್ದಾರೆಯೇ, ಹೌದು. ಆ ಚೌಕದಿಂದ ಕೆಳಗೆ ಎರಡು ಗೆರೆಯನ್ನೂ ಇಳಿಸಿದೆ. ಅಚ್ಚಿಗೆ ಹೋಗುವ ಪ್ರತಿಯನ್ನು ದೊಡ್ಡ ಮಾವ ನೋಡಿ ಸಹಿ ಹಾಕಿದರು. ಗೆರೆಗಳ ಬಗ್ಗೆ ಏನೂ ಹೇಳಲಿಲ್ಲ.

ಮಾಯಿಯಲ್ಲಿ ಕಾರ್ಯ ಚೆನ್ನಾಗಿ ನಡೆಯಿತು. ಮಧ್ಯಾಹ್ನದ ಊಟದ ಚಪ್ಪರದ ಬಾಗಿಲಲ್ಲಿ ಮೇಜು ಹಾಕಿ ಪುಸ್ತಕ ಹಂಚಿದೆವು. ಸಂಬಂಧಿಕರು ತಮ್ಮ ತಮ್ಮ ಹೆಸರು ಹುಡುಕಿ ಬೆರಳಿಟ್ಟು ಫೋಟೋ ತೆಗೆದರು. ನನ್ನ ಮಗಳು ತನ್ನ ಸಣ್ಣ ಅಕ್ಷರವನ್ನು ನಾಲ್ಕು ಜನರಿಗೆ ತೋರಿಸಿ ದೂರು ಹೇಳಿದಳು. ಆ ಖಾಲಿ ಚೌಕವನ್ನು ನೋಡಿದವರು ನೋಡಿದರು. ಕೇಳಿದವರು ಯಾರೂ ಇಲ್ಲ.

ರಾತ್ರಿ ನೇಮ ಶುರುವಾಗುವ ಮೊದಲು ಅಜ್ಜಿಯನ್ನು ಒಳಗೆ ಮಂಚದ ಮೇಲೆ ಸ್ವಲ್ಪ ಹೊತ್ತು ಮಲಗಿಸಿದ್ದೆವು. ನಾನು ಹೋದಾಗ ಮಲಗಿರಲಿಲ್ಲ. ಬಲ್ಬಿನ ಬೆಳಕಿಗೆ ಪುಸ್ತಕ ಬಿಡಿಸಿಕೊಂಡು ಕೂತಿದ್ದರು, ಬೆರಳು ಆ ಚೌಕದ ಅಂಚಿನಲ್ಲಿ ಹೋಗಿ ಬರುತ್ತಿತ್ತು.

‘ಇದರೊಳಗೆ ಎಷ್ಟು ಅಕ್ಷರ ಹಿಡಿಯುತ್ತದೆ ಮಗಾ?’

‘ಹನ್ನೆರಡು ಹಿಡಿಯಬಹುದು ಅಜ್ಜಿ.’

‘ಅವಳದ್ದು ನಾಲ್ಕೇ’ ಎಂದರು. ಆಮೇಲೆ ಕೈ ಚಾಚಿದರು. ‘ನಿನ್ನ ಕಿಸೆಯಲ್ಲಿ ಪೆನ್ನು ಉಂಟಾ?’